ಅಕ್ಕನನ್ನು ಕಡಲಿಗೆ ಕರೆದುಕೊಂಡು ಹೋದದ್ದು

ಮಕ್ತಲ್‌ನಿಂದ ಗದ್ವಾಲಕ್ಕೆ ಬರುವ ಬಸ್ಸು ಜುರಾಲಾ ಅಣೆಕಟ್ಟು ದಾಟುವ ಮೊದಲು ನಿಂತಿತು. ಒಬ್ಬ ಹೆಂಗಸು ಒಣಮೀನಿನ ಬುಟ್ಟಿ ಹೊತ್ತು ಹತ್ತಿದಳು. ಕಂಡಕ್ಟರ್ ತೆಲುಗಿನಲ್ಲಿ ಗೊಣಗಿದ. ಅವಳು ಕೇಳಿಸದವಳಂತೆ ಬುಟ್ಟಿಯನ್ನು ನನ್ನ ಕಾಲ ಬಳಿ ಇಟ್ಟು ಕೂತಳು. ನಾವು ಮೀನು ಮುಟ್ಟದ ಮಂದಿ. ಪಕ್ಕದಲ್ಲಿದ್ದವರು ಮೂಗಿಗೆ ಟವಲ್ ಒತ್ತಿಕೊಂಡರು. ನಾನು ಒತ್ತಿಕೊಳ್ಳಲಿಲ್ಲ. ಆ ವಾಸನೆ ನನಗೆ ಪರಿಚಯ. ಕೆಲವು ವರ್ಷಗಳ ಹಿಂದೆ ಒಂದು ಕಾರ್ತಿಕದಲ್ಲಿ, ಹಾಸಿದ ಒಣಮೀನಿನ ನಡುವೆ ನಡೆದಾಡಿಕೊಂಡು ನಾನೂ ಅಕ್ಕನೂ ಕೆಲವು ದಿನ ಇದ್ದೆವು. ಅವಳ ಪಾಲಿಗೆ ಅದಕ್ಕಿಂತ ಒಳ್ಳೆಯ ದಿನಗಳು ಮುಂದೆ ಬರಲಿಲ್ಲ. ನಾನು ಮಾಡಿದ ಅತಿ ಕೆಟ್ಟ ಕೆಲಸವೂ ಅದೇ ದಿನಗಳದ್ದು.

ಆ ಬಸ್ಸಿನಲ್ಲಿ ನಾನು ಬರುತ್ತಿದ್ದದ್ದು ಅಕ್ಕನಿಗೆ ಅದನ್ನು ಹೇಳಿಬಿಡಬೇಕು ಎಂದುಕೊಂಡೇ. ಹೇಳಿದೆ ಕೂಡ. ಏನಾಯಿತೆಂದು ಕೊನೆಗೆ ಬರೆಯುತ್ತೇನೆ.

ನಮ್ಮದು ನೇಯುವ ಮನೆ. ಗದ್ವಾಲದ ಸೀರೆಯನ್ನು ನೋಡಿದವರಿಗೆ ಗೊತ್ತು, ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಬೇರೆ ನೇಯ್ದು ಹೊಲಿಯುವುದಲ್ಲ. ಲಾಳಿ ಹೋದಾಗಲೆಲ್ಲ ಒಡಲಿನ ನೂಲು ಅಂಚಿನ ನೂಲಿಗೆ ಕೊಕ್ಕೆ ಹಾಕಿಕೊಂಡು ಹಿಂದಿರುಗಬೇಕು. ಅದಕ್ಕಾಗಿ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವವನ ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು, ಅಂಚಿನ ಲಾಳಿ ಕೊಡಲು. ಕೆಲಸ ಗೊತ್ತಿದ್ದರೆ ಸಾಲದು, ನೇಯುವವನ ಕೈಯ ವೇಗ ಅವರ ಮೈಗೆ ಹತ್ತಿರಬೇಕು. ಒಬ್ಬರು ಬಿಗಿ, ಒಬ್ಬರು ಸಡಿಲವಾದರೆ ಅಂಚು ಹಾವಿನ ಹಾಗೆ ಹರಿದಾಡುತ್ತದೆ. ಅಂಥ ಸೀರೆಯನ್ನು ಯಾವ ಸಾವುಕಾರನೂ ಒಪ್ಪುವುದಿಲ್ಲ.

ಆ ಪಕ್ಕದ ಜಾಗದಲ್ಲಿ ನನ್ನ ಅಕ್ಕ ಗಿರಿಜಾ ಕೂರುತ್ತಿದ್ದಳು. ಮೊದಲು ಅಲ್ಲಿ ಅವ್ವ ಕೂರುತ್ತಿದ್ದಳಂತೆ. ಅವ್ವ ತೀರಿಕೊಂಡಾಗ ಅಕ್ಕ ಮಕ್ತಲ್‌ನಲ್ಲಿ ಹಂಪಯ್ಯ ಕಾಕಾನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋಗುತ್ತಿದ್ದಳು. ಏಳನೇ ತರಗತಿ. ಅಪ್ಪ ಹೋಗಿ ಕರೆದುಕೊಂಡು ಬಂದು ಆ ಜಾಗದಲ್ಲಿ ಕೂರಿಸಿದ. ಅಪ್ಪ ಹೋದ ಮೇಲೆ ಕುಣಿಗೆ ನಾನು ಇಳಿದೆ, ಅಕ್ಕ ಕೂತಲ್ಲೇ ಇದ್ದಳು. ಅವಳ ಮದುವೆಯ ಮಾತು ಒಂದೆರಡು ಸಲ ಬಂದು, ಏನೇನೋ ಕಾರಣಕ್ಕೆ ಹೋಯಿತು. ಆಮೇಲೆ ಬರುವುದು ನಿಂತಿತು. ನನ್ನ ಮದುವೆಯಾಯಿತು. ನನ್ನ ಹೆಂಡತಿ ಸುವರ್ಣ ಗಟ್ಟು ಕಡೆಯ ಒಕ್ಕಲುತನದ ಮನೆಯವಳು. ಅವಳು ಪ್ರಯತ್ನ ಮಾಡಲಿಲ್ಲ ಎನ್ನಲಾರೆ. ಒಂದು ವಾರ ಕೂತಳು, ಎಳೆ ಹರಿದು ಹರಿದು ಅತ್ತಳು. ಅಕ್ಕ ನಕ್ಕು, ಏಳವ್ವ, ನೀ ಜ್ವಾಳದ ರೊಟ್ಟಿ ಬಡಿ, ಇದು ನನ್ನ ಹಣೆಬರ ಎಂದು ತಾನೇ ಕೂತಳು.

ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಮಗ್ಗ ನಿಲ್ಲುತ್ತಿತ್ತು. ಆಗ ಅಕ್ಕ ಓದುತ್ತಿದ್ದಳು, ಗಟ್ಟಿಯಾಗಿ, ನನಗೂ ಕೇಳುವ ಹಾಗೆ. ನಾನು ನಾಲ್ಕನೇ ತರಗತಿ ಓದಿದವನು, ಅದೂ ತೆಲುಗಿನಲ್ಲಿ. ಈಗ ಈ ಅಕ್ಷರಗಳನ್ನು ಬರೆಯುತ್ತಿರುವುದು ಅವಳು ಕಲಿಸಿದ್ದರಿಂದ.

ಕಾಕಾನ ಮಗಳ ಮದುವೆಗೆಂದು ಮಕ್ತಲ್‌ಗೆ ಹೋದವಳು ಒಂದು ಕಾದಂಬರಿ ತಂದಳು. ಕಾಕಾನ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಮಲ್ಲಿಕಾರ್ಜುನ ಸಾರ್ ಎನ್ನುವವರು ಬಾಡಿಗೆಗಿದ್ದರು. ಕೃಷ್ಣಾ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮೇಷ್ಟರು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪುಸ್ತಕ ಅವರದು. ಬಹಳ ಹಳೆಯ ಕಾದಂಬರಿ, ಅವರ ತಾಯಿಯೂ ಓದಿ ಓದಿ ಮಡಿಕೆಗಳು ಸವೆದಿದ್ದವು. ಅಕ್ಕ ಅದರ ಹೆಸರು ಹೇಳುತ್ತಿರಲಿಲ್ಲ, ದ್ವೀಪದ ಪುಸ್ತಕ ಎನ್ನುತ್ತಿದ್ದಳು.

ಅದರಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ಸಂಸಾರದಲ್ಲಿ ದುಡಿದು ದಣಿದ ಹೆಂಗಸೊಬ್ಬಳು ಒಂದು ಚಳಿಗಾಲ ಕಡಲಿನ ದ್ವೀಪದಲ್ಲಿ, ಮೀನುಗಾರರ ಮನೆಯಲ್ಲಿ ಇರುತ್ತಾಳೆ. ದಿನವೂ ದಂಡೆಯಲ್ಲಿ ಕೂರುತ್ತಾಳೆ. ನೀರು ಬರುತ್ತದೆ, ಹೋಗುತ್ತದೆ. ನನಗೆ ನಿದ್ದೆ ಬರುತ್ತಿತ್ತು. ಅಕ್ಕ ಮಾತ್ರ ಓದಿದ್ದನ್ನೇ ಮತ್ತೆ ಓದುತ್ತಿದ್ದಳು. ಅದರಾಗ ಏನೈತಿ ಅಂತ ಹಂಗ ಓದ್ತಿ ಎಂದು ಒಮ್ಮೆ ಕೇಳಿದೆ.

"ಆಕಿ ಸುಮ್ನ ಕುಂದಿರ್ತಾಳ, ಈರಣ್ಣ. ಯಾರೂ ಕರಿಯಂಗಿಲ್ಲ," ಎಂದಳು.

ನಾನು ನಕ್ಕೆ. ಮತ್ತೆ ಮಗ್ಗಕ್ಕೆ ಕರೆದೆ.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ದೀಪಾವಳಿಯ ಹೊತ್ತಿಗೆ ಊರ ಸುತ್ತ ಹತ್ತಿ ಬಿಳಿಯಾಗಿ ಒಡೆದಿತ್ತು. ಸುವರ್ಣಾಳ ಚೊಚ್ಚಲ ಹೆರಿಗೆಗೆ ದಿನ ಹತ್ತಿರವಾಗಿ ತವರಿಗೆ ಕಳಿಸಿದ್ದೆವು. ಮನೆಯಲ್ಲಿ ನಾವಿಬ್ಬರೇ. ಅಕ್ಕ ಆ ದಿನಗಳಲ್ಲಿ ಬೇರೆ ಥರ ಇದ್ದಳು. ಬೆಳಗ್ಗೆ ಬೇಗ ಎದ್ದು ಅಂಗಳಕ್ಕೆ ನೀರು ಹಾಕಿ ತಲೆ ಬಾಚಿಕೊಂಡುಬಿಡುತ್ತಿದ್ದಳು. ಬಾಗಿಲ ಕಡೆ ನೋಡುತ್ತಿದ್ದಳು. ಮಕ್ತಲ್‌ನಲ್ಲಿ ಮೇಷ್ಟರು ಅವಳಿಗೆ, ದೀಪಾವಳಿ ಮುಗಿದ ಮೇಲೆ ಹಿರಿಯರನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿದ್ದರು. ಅವಳು ಅದನ್ನು ನನಗೆ ಹೇಳಿರಲಿಲ್ಲ. ಹೇಳುವಂಥ ಮಾತೂ ಅಲ್ಲ. ನನಗೆ ಹೇಳಿದ್ದು ಹಂಪಯ್ಯ ಕಾಕಾ, ಫೋನಿನಲ್ಲಿ.

"ಸೋಮವಾರ ಕಾರ್ತಿಕದ ಪೂಜಿ ಮುಗಿಸ್ಕೊಂಡು ಬರ್ತೀವಿ, ನಾಕು ಮಂದಿ. ಮೇಷ್ಟರಿಗೆ ಹೆಣ್ಣ ಕೇಳಾಕ. ಈ ಕಾಲದಾಗ ಇಂಥ ಮನಷಾ ಸಿಗಂಗಿಲ್ಲ ಈರಣ್ಣ. ಗಿರಿಜಾಗ ನೀನಽ ಹೇಳು, ಆಕಿಗೆ ಅಪ್ಪ ಅಂದ್ರೂ ನೀನಽ, ತಮ್ಮ ಅಂದ್ರೂ ನೀನಽ."

ಬರ್ರಿ ಕಾಕಾ ಎಂದೆ. ಫೋನ್ ಇಟ್ಟು ಮಗ್ಗದ ಕಡೆ ನೋಡಿದೆ. ಅರ್ಧ ನೇಯ್ದ ಸೀರೆ ಇತ್ತು. ಅಕ್ಕನ ಜಾಗದಲ್ಲಿ ಅವಳು ಕೂರುವ ಮಣೆ ಇತ್ತು, ನಡುವೆ ಸವೆದು ತಗ್ಗು ಬಿದ್ದದ್ದು. ಆ ಮಣೆಯ ಮೇಲೆ ಬೇರೆ ಯಾರನ್ನು ಕೂರಿಸಿ ನೋಡಿದರೂ ಮನಸ್ಸಿಗೆ ಹಿಡಿಸಲಿಲ್ಲ. ಅವಳು ಹೋದರೆ ಮಗ್ಗ ನಿಲ್ಲುತ್ತದೆ, ಮಗು ಬರುತ್ತದೆ, ಏನು ಮಾಡಲಿ ಎಂದೆಲ್ಲ ಯೋಚಿಸಿದ್ದು ನಿಜ. ಅಷ್ಟೇ ಆಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ನನ್ನನ್ನು ಬೆಳೆಸಿದವಳು ನನ್ನ ಕಣ್ಣೆದುರಿಗೇ ಇನ್ನೊಬ್ಬರಿಗಾಗಿ ಬಾಗಿಲು ನೋಡುತ್ತಿದ್ದಾಳೆ ಎನ್ನುವುದು ನನಗೆ ಚುಚ್ಚಿತು. ಮೇಷ್ಟರ ಮೇಲೆ ಹೊಟ್ಟೆ ಉರಿಯಿತು. ಆ ಮನುಷ್ಯನನ್ನು ನಾನು ನೋಡಿಯೂ ಇರಲಿಲ್ಲ.

ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ಕೇಳಲು ಬಂದವರ ಎದುರಿಗೆ ಇಲ್ಲ ಎನ್ನುವುದಿಲ್ಲ. ಒಲ್ಲದವರು ಆ ದಿನ ಮನೆಗೆ ಬೀಗ ಹಾಕಿಕೊಂಡು ಎಲ್ಲಿಗಾದರೂ ಹೋಗಿಬಿಡುತ್ತಾರೆ. ಬಂದವರು ಬೀಗ ನೋಡಿ, ಪಕ್ಕದ ಮನೆಯಲ್ಲಿ ನೀರು ಕುಡಿದು ತಿರುಗಿ ಹೋಗುತ್ತಾರೆ. ಯಾರೂ ಯಾರನ್ನೂ ಬೈಯುವುದಿಲ್ಲ, ಆ ಮಾತನ್ನು ಮತ್ತೆ ಎತ್ತುವುದೂ ಇಲ್ಲ. ಇಬ್ಬರ ಮರ್ಯಾದೆಯೂ ಉಳಿಯಲಿ ಎಂದು ಹಿರಿಯರು ಮಾಡಿದ್ದು. ನಾನು ಅದನ್ನು ಅಕ್ಕನ ಮೇಲೆ ಬಳಸಿದೆ, ಅವಳಿಗೆ ಗೊತ್ತಿಲ್ಲದೆ.

ಅವಳನ್ನು ಮನೆಯಿಂದ ಹೊರಡಿಸಲು ನನಗೆ ತೋಚಿದ್ದು ಆ ಪುಸ್ತಕ. ಗುರುವಾರ ಸಂಜೆ, ನಡಿ ಅಕ್ಕ, ಕಡಲು ನೋಡಿ ಬರೂಣು, ನಿನ್ನ ಪುಸ್ತಕದಾಗಿನ ದ್ವೀಪದಂಥಾದ್ದು ಹೊನ್ನಾವರದ ಕಡಿ ಐತಂತ ಎಂದೆ. ಸೀರೆ ಸಾಗಿಸುವ ಲಾರಿಯ ಡ್ರೈವರನೊಬ್ಬ ಆ ಕಡೆಯವನು. ಅವನ ಸಂಬಂಧಿಕರ ಮನೆ ಅಂಥದೊಂದು ದ್ವೀಪದಲ್ಲಿತ್ತು, ಬಂದವರಿಗೆ ಕೋಣೆ ಕೊಡುತ್ತಿದ್ದರು.

ಅಕ್ಕ ನನ್ನ ಮುಖ ನೋಡಿದಳು. ಮಗ್ಗದ ಕಡೆ ನೋಡಿದಳು. ಮಗ್ಗಕ್ಕೆ ಏರಿಸಿದ ಹಾಸು ಮುಗಿಯದೆ ಮಗ್ಗ ಬಿಟ್ಟು ಊರಿಗೆ ಹೋಗುವವರಲ್ಲ ನಾವು. ಅಪ್ಪ ಜ್ವರದಲ್ಲೂ ಸೀರೆಯನ್ನು ನಡುವೆ ನಿಲ್ಲಿಸಿದವನಲ್ಲ.

"ಅರ್ಧಕ್ಕ ಬಿಟ್ಟು ಹೋಗೂದೇನು?" ಎಂದಳು.

"ಇರ್ಲಿ ಬಿಡು. ನೀ ಎಂದರ ಎಲ್ಲಿಗರ ಹೋಗಿದಿ?"

ಅವಳ ಕಣ್ಣು ತುಂಬಿತು. ಅರ್ಧಕ್ಕೆ ನಿಂತ ಆ ಸೀರೆಯನ್ನು ಅವಳು ನನ್ನ ಪ್ರೀತಿಯ ಗುರುತು ಎಂದುಕೊಂಡಳು. ಅದರ ಮೇಲೊಂದು ಹಳೆಯ ಪಂಚೆ ಹೊದಿಸಿದಳು. ಶುಕ್ರವಾರ ಬಾಗಿಲಿಗೆ ಬೀಗ ಹಾಕಿದ್ದೂ ಅವಳೇ. ಎರಡು ಸಲ ಜಗ್ಗಿ ನೋಡಿದಳು.

ರಾಯಚೂರಿಗೆ ಬಸ್ಸು, ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಘಟ್ಟ ಇಳಿದು ಶನಿವಾರ ಬೆಳಗ್ಗೆ ದೋಣಿ. ದ್ವೀಪದ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಹೊಳೆಯ ಕಡೆಯ ನೀರು ನಮ್ಮ ಕೃಷ್ಣೆಯಂತೆ ಸುಮ್ಮನಿತ್ತು, ಅಕ್ಕನಿಗೆ ಹೆದರಿಕೆಯಾಗಲಿಲ್ಲ. ತೆಂಗಿನ ಮರಗಳ ನಡುವೆ ನಡೆದು ಆ ಕಡೆ ಹೊರಟರೆ ಒಮ್ಮೆಲೇ ಕಡಲು. ಅಕ್ಕ ನಿಂತುಬಿಟ್ಟಳು. ಸೀರೆಯ ನೆರಿಗೆ ಎತ್ತಿ ಹಿಡಿದು, ನೀರು ತಾಕದಷ್ಟು ದೂರದಲ್ಲಿ ಮರಳಿನ ಮೇಲೆ ಕೂತಳು.

ಸಂಜೆಯವರೆಗೂ ಕೂತಿದ್ದಳು. ನಾವು ಇಳಿದುಕೊಂಡ ಮನೆಯ ಯಜಮಾನಿ, ನಾಗಮ್ಮ ಎನ್ನುವವರು, ದಂಡೆಯಲ್ಲಿ ಮೀನು ಒಣಹಾಕುತ್ತ ಅವಳನ್ನೇ ನೋಡುತ್ತಿದ್ದರು. ಊಟಕ್ಕೆ ಕರೆಯಲೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ. ನನಗೇ ಆಶ್ಚರ್ಯವಾಯಿತು. ಹಸಿವಾದಾಗ ತಾನೇ ಎದ್ದು ಬಂದಳು. ಮೀನು ಬೇಯಿಸಿದ ಒಲೆಯ ಅನ್ನ ಉಣ್ಣುವುದೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದರೆ, ಅವಳು ಕೈ ತೊಳೆದು ಕೂತು, ತೆಂಗಿನಕಾಯಿ ಸಾರು ಎರಡು ಸಲ ಹಾಕಿಸಿಕೊಂಡಳು. ದೇವರು ಇಷ್ಟು ದೂರ ಬಂದು ನೋಡಂಗಿಲ್ಲ ಬಿಡು ಎಂದು ನನ್ನನ್ನೇ ಚುಡಾಯಿಸಿದಳು. ಅವಳು ತಮಾಷೆ ಮಾಡಿದ್ದು ಕೇಳಿ ಎಷ್ಟೋ ದಿನವಾಗಿತ್ತು.

ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಅವಳು ಮೊದಲೇ ದಂಡೆಯಲ್ಲಿದ್ದಳು. ಕಾಲು ನೀರಿನಲ್ಲಿತ್ತು. ಬೆರಳುಗಳು ಮಡಿಲಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದವು. ಅವಳ ಕೈಗಳು ಖಾಲಿ ಇದ್ದದ್ದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಮುಖ ಎಳೆಯದಾಗಿತ್ತು. ಕಾಕಾನ ಮನೆಯಲ್ಲಿ ಶಾಲೆಗೆ ಹೋಗುವಾಗ ಹೀಗಿದ್ದಳೇನೋ. ಪಕ್ಕದಲ್ಲಿ ಕೂತೆ. ಅವಳಾಗಿಯೇ ಮಾತು ತೆಗೆದಳು. ಆ ಪುಸ್ತಕವನ್ನು ಕೊಟ್ಟವರಿಗೆ ತಿರುಗಿ ಕೊಡಬೇಕು, ಕಡಲು ಅದರಲ್ಲಿ ಬರೆದ ಹಾಗೇ ಇತ್ತು ಎಂದು ಹೇಳಬೇಕು ಎಂದಳು. ಅಷ್ಟೇ. ಹೇಳಿ ಬೇರೆ ಕಡೆ ನೋಡಿದಳು.

ಅವತ್ತು ನನ್ನ ಮನಸ್ಸು ಕರಗಿತು. ಇದನ್ನು ನನ್ನ ಪರವಾಗಿ ಹೇಳಿಕೊಳ್ಳಲು ಬರೆಯುತ್ತಿಲ್ಲ. ಮಧ್ಯಾಹ್ನದ ದೋಣಿ ಹಿಡಿದರೆ ಹುಬ್ಬಳ್ಳಿಯ ಮೇಲೆ ಹೇಗೋ ಸೋಮವಾರ ಬೆಳಗಿನ ಹೊತ್ತಿಗೆ ಗದ್ವಾಲ ಮುಟ್ಟಬಹುದಿತ್ತು. ಅವಳು ಮುಖ ತೊಳೆದು ಸೀರೆ ಬದಲಿಸುವಷ್ಟು ಸಮಯವೂ ಸಿಗುತ್ತಿತ್ತು.

"ಅಕ್ಕ, ನಡಿ, ಇವತ್ತಽ ಹೋಗೂಣು," ಎಂದೆ.

ಅವಳು ಚಿಕ್ಕ ಹುಡುಗಿಯ ಹಾಗೆ ನನ್ನ ತೋಳು ಹಿಡಿದಳು. "ಇನ್ನೊಂದ್ ದಿನ ಇರೂಣು, ಈರಣ್ಣ. ಒಂದಽ ದಿನ. ಮತ್ತ ಬರ್ತೀನೋ ಇಲ್ಲೋ."

ಆಗ ನಾನು ಹೇಳಬೇಕಿತ್ತು, ನಾಳೆ ಮನೆಗೆ ಯಾರು ಬರುತ್ತಾರೆ ಎಂದು. ಒಂದು ಮಾತು. ಅವಳು ಕಡಲನ್ನು ಬಿಟ್ಟು ಓಡಿ ಬಂದು ದೋಣಿ ಹತ್ತುತ್ತಿದ್ದಳು. ದೋಣಿಯೂ ಬೇಕಿರಲಿಲ್ಲ. ಜೇಬಿನಲ್ಲಿ ಫೋನ್ ಇತ್ತು, ಮನೆಯ ಹಿಂದಿನ ಬಂಡೆಯ ಮೇಲೆ ನಿಂತರೆ ಸಿಗ್ನಲ್ ಸಿಗುತ್ತಿತ್ತು. ಕಾಕಾಗೆ ಎರಡು ದಿನ ತಡೀರಿ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಆಗಲಿ ಇರೂಣು ಎಂದೆ. ಅವಳೇ ಕೇಳಿದಳಲ್ಲ, ನಾನೇನು ಮಾಡಲಿ ಎಂದು ಒಳಗೇ ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಒಂದು ಕಾರಣ ಸಿಕ್ಕಿದ್ದಕ್ಕೆ ಖುಷಿಯೂ ಆಯಿತು. ಬಂಡೆಯವರೆಗೆ ಹೋಗಿ, ಕಾಕಾಗೆ ಮಾಡದೆ, ಫೋನ್ ಬಂದ್ ಮಾಡಿ ಬಂದೆ.

ಸೋಮವಾರ ಅಕ್ಕ ನೀರಿಗೆ ಇಳಿದಳು. ನಾಗಮ್ಮ ಕೈ ಹಿಡಿದುಕೊಂಡಿದ್ದರು. ಮೊಣಕಾಲವರೆಗೆ, ಆಮೇಲೆ ಸೊಂಟದವರೆಗೆ. ಒಂದು ತೆರೆ ಬಂದು ಇಬ್ಬರನ್ನೂ ಕೆಡವಿತು. ಅಕ್ಕ ಬಾಯಿ ತುಂಬ ಉಪ್ಪು ನೀರು ಉಗುಳುತ್ತ ನಕ್ಕದ್ದು ಇನ್ನೂ ಕೇಳಿಸುತ್ತದೆ. ಹೊತ್ತು ಸುಮಾರು ಹನ್ನೊಂದಾಗಿತ್ತು. ಆ ಹೊತ್ತಿಗೆ ಗದ್ವಾಲದಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕು ಮಂದಿ ಹಣ್ಣು, ಹೂವು ಇಟ್ಟುಕೊಂಡು ಕೂತಿದ್ದರು.

ಊರಿಗೆ ಬಂದ ಮೇಲೆ ಕಾಕಾನ ಫೋನ್ ಬಂತು. ಬೀಗ ನೋಡಿ ಬಂದ್ವಿ, ಆತು ಬಿಡು, ತಿಳೀತು ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಿಜಾಗ ಮನಸ್ಸಿಲ್ಲೇನು ಎಂದು ಮಾತ್ರ ಕೇಳಿದ. ಅಕ್ಕ ಒಳಗೆ ಪಂಚೆ ಸರಿಸಿ ಮಗ್ಗದ ಧೂಳು ಒರೆಸುತ್ತಿದ್ದಳು.

"ಹೂಂ," ಎಂದೆ.

ಅವಳು ಆ ಕಾರ್ತಿಕವೆಲ್ಲ ಕಾದಳು. ಸಂಕ್ರಾಂತಿಯವರೆಗೂ ಕಾದಳು ಎಂದು ಕಾಣುತ್ತದೆ. ತಲೆ ಬಾಚಿಕೊಳ್ಳುವುದು ತಡವಾಗುತ್ತ ಬಂತು. ಮಾರನೆಯ ವರ್ಷ ಮೇಷ್ಟರು ದೇವದುರ್ಗದ ಕಡೆಯ ಹೆಣ್ಣನ್ನು ಮದುವೆಯಾದ ಸುದ್ದಿ ಬಂತು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನು ನಿಲ್ಲಿಸಲಿಲ್ಲ. ಬರ್ತೀನಿ ಅಂದಿದ್ದ, ಬರಲಿಲ್ಲ ಎಂದಳು, ಸುವರ್ಣಾಳಿಗೋ ಒಲೆಗೋ ಗೊತ್ತಾಗಲಿಲ್ಲ. ಅದೊಂದೇ ಸಲ. ಪುಸ್ತಕವನ್ನು ಕಾಕಾನ ಕೈಯಲ್ಲಿ ಕಳಿಸಿಬಿಟ್ಟಳು.

ಯಾವ ಮಗ್ಗಕ್ಕಾಗಿ ಅವಳನ್ನು ಉಳಿಸಿಕೊಂಡೆನೋ ಆ ಮಗ್ಗವೂ ಉಳಿಯಲಿಲ್ಲ. ನನ್ನ ಮೊಣಕಾಲು ಸವೆದು ಕುಣಿಗೆ ಇಳಿಯಲಾಗದಂತಾಯಿತು. ಹತ್ತಿಬೀಜದ ಗೋದಾಮಿನಲ್ಲಿ ಕಾವಲಿಗೆ ಸೇರಿದೆ. ಕುಣಿ ಮುಚ್ಚಿ ಸಿಮೆಂಟು ಹಾಕಿಸಿದೆವು, ಈಗ ಅಲ್ಲಿ ಮಗಳ ಮಂಚ ಇದೆ. ಅಕ್ಕ ಓಣಿಯವರ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಾಳೆ. ಅವಳ ಹತ್ತಿರ ಬರುವ ಹೆಣ್ಣುಮಕ್ಕಳಿಗೆ ಕಡಲಿನ ಕಥೆ ಹೇಳುತ್ತಿದ್ದಳು, ತೆರೆ ಬಂದು ಕೆಡವಿದ್ದು, ಉಪ್ಪು ನೀರು ಕುಡಿದದ್ದು. ನನ್ನ ತಮ್ಮ ಅರ್ಧ ಸೀರೆ ಮಗ್ಗದ ಮೇಲೆ ಬಿಟ್ಟು ನನ್ನ ಕರ್ಕೊಂಡು ಹೋದ ಎಂದು ಪ್ರತಿಸಲವೂ ಹೇಳುತ್ತಿದ್ದಳು. ಆ ಮಾತು ಬರುವ ಮೊದಲೇ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಈ ಸಲ ಹಂಪಯ್ಯ ಕಾಕಾ ತೀರಿಕೊಂಡಾಗ ಮಕ್ತಲ್‌ಗೆ ಹೋಗಿದ್ದೆ. ಅಲ್ಲಿ ಬಿಳಿ ಅಂಗಿಯ ಒಬ್ಬರು ಬಂದು, ನೀವು ಗಿರಿಜಮ್ಮನವರ ತಮ್ಮಂದಿರಲ್ಲೇನ್ರಿ ಎಂದು ಕೇಳಿದರು. ತಾವು ಮಲ್ಲಿಕಾರ್ಜುನ ಎಂದರು. ಅಕ್ಕನ ಆರೋಗ್ಯ ಕೇಳಿದರು.

"ಅವ್ರ ಇಷ್ಟ ಅವ್ರದ್ರಿ, ತಪ್ಪೇನಿಲ್ಲ. ಆದ್ರ ನನ್ನ ಮುಂದ ಬರ್ರಿ ಅಂತ ಅಂದಿದ್ರು. ಬೀಗ ನೋಡಿದ ಮ್ಯಾಲೂ ನಾ ಬಹಳ ಹೊತ್ತು ಕುಂತಿದ್ದೆ, ಎಲ್ಲರ ಹೋಗ್ಯಾರೇನೋ, ಬರ್ತಾರೇನೋ ಅಂತ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಣ್ಣು ಮುಗಿಸಿಕೊಂಡು ಸಿಕ್ಕ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಅಕ್ಕ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಚ್ಚು ಕಟ್ಟುತ್ತಿದ್ದಳು. ಸ್ನಾನ ಮಾಡಿ ಬಂದು ಎದುರಿಗೆ ಕೂತು ಎಲ್ಲ ಹೇಳಿದೆ. ಕಾಕಾನ ಮೊದಲ ಫೋನಿನಿಂದ ಹೂಂ ಅಂದದ್ದರವರೆಗೆ. ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ಎದೆಯ ಭಾರ ಇಳಿಯುತ್ತಿತ್ತು. ಅವಳು ಗಂಟು ಹಾಕುತ್ತಲೇ ಇದ್ದಳು. ಒಂದು ಗಂಟು ಬಿಗಿಯಾಯಿತು, ಬಿಚ್ಚಿ ಮತ್ತೆ ಹಾಕಿದಳು.

"ಯಾವತ್ತ ಬಂದಿದ್ರು?"

"ಸೋಮವಾರ."

ಅವಳ ಕೈ ನಿಂತಿತು. "ಭಾನುವಾರ ನೀ ಹೋಗೂಣು ಅಂದಿದ್ದಿ."

ನಾನು ತಲೆ ಆಡಿಸಿದೆ.

"ನಾನಽ ಬ್ಯಾಡ ಅಂದೆ. ಇನ್ನೊಂದ್ ದಿನ ಇರೂಣು ಅಂತ ನಾನಽ ಕೇಳಿದೆ. ಹೌದಲ್ಲೋ?"

ಇಷ್ಟು ವರ್ಷ ನಾನು ಬಚ್ಚಿಟ್ಟುಕೊಂಡು ಬದುಕಿದ ನೆಪ ಅದು. ಅದು ಅವಳಿಗೆ ಸಿಗುತ್ತದೆ, ಸಿಕ್ಕರೆ ಅದನ್ನು ತನ್ನ ಮೇಲೆಯೇ ಹಾಕಿಕೊಳ್ಳುತ್ತಾಳೆ ಎಂದು ನನಗೆ ಹೊಳೆದೇ ಇರಲಿಲ್ಲ. ಇಲ್ಲಕ್ಕ, ನೀ ಕೇಳಲಿಲ್ಲ, ನಾನೇ ನಿನ್ನನ್ನು ಉಳಿಸಿಕೊಂಡೆ ಎನ್ನಬೇಕಿತ್ತು. ಅಷ್ಟೆಲ್ಲ ಸುಳ್ಳು ನಡೆಸಿದವನಿಗೆ ಅವಳಿಗೆ ಬೇಕಾಗಿದ್ದ ಈ ಒಂದು ಸುಳ್ಳು ಬಾಯಿಗೆ ಬರಲಿಲ್ಲ.

"ಹೌದಕ್ಕ," ಎಂದೆ.

ಅವಳು ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟು, ಬಿಸಿಲು ಸರಿಯುವವರೆಗೂ ಅಲ್ಲೇ ಕೂತಿದ್ದಳು. ಅವಳನ್ನು ಒಳಗೆ ಕರೆಯಲು ನನಗೆ ಧೈರ್ಯ ಸಾಲಲಿಲ್ಲ. ಅಂದಿನಿಂದ ಹೆಣ್ಣುಮಕ್ಕಳು ಕಡಲಿನ ಕಥೆ ಹೇಳು ಎಂದರೆ, ಬಹಳ ವರ್ಷ ಆತವ್ವ, ನೆಪ್ಪಿಲ್ಲ ಎನ್ನುತ್ತಾಳೆ.